ಕೆಲಸ ಮಾಡುವ ಕೈಗೆ ಉಗುರುಬಣ್ಣ ಮತ್ತು ಅಂಟಿಸುವ ಉಗುರು

ಡಿಸೆಂಬರ್ ತಿಂಗಳು ಬಂದರೆ ಚಿಕ್ಕಬಳ್ಳಾಪುರ ಜಿಲ್ಲೆಯ ಬಹುತೇಕ ಮನೆಗಳಲ್ಲಿ ಸಂಜೆಯ ಹೊತ್ತು ಅವರೆಕಾಯಿ ಸುಲಿಯುವ ಕೆಲಸ ಇದ್ದೇ ಇರುತ್ತದೆ. ಕಾಯಿಯ ಅಂಚನ್ನು ಉಗುರಿನಿಂದ ಸೀಳಿ, ಕಾಳನ್ನು ನೀರಿನಲ್ಲಿ ನೆನೆಸಿ, ಒಂದೊಂದನ್ನೇ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಹಿತಕುವ ಕೈಯಲ್ಲಿ ಉಗುರುಬಣ್ಣ ಎಷ್ಟು ದಿನ ಉಳಿಯುತ್ತದೆ ಎಂಬುದನ್ನು ನಮ್ಮ ಕಡೆಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುದ್ದೆ ಕಟ್ಟುವುದು, ಕನಕಾಂಬರದ ದಂಡೆ ಕಟ್ಟುವುದು, ಪಾತ್ರೆ ತೊಳೆಯುವುದು, ಶಿಡ್ಲಘಟ್ಟದ ಕಡೆಯವರಾದರೆ ರೇಷ್ಮೆಗೂಡಿನ ಕೆಲಸ, ಇವೆಲ್ಲವೂ ಉಗುರಿನ ತುದಿಯ ಮೇಲೆಯೇ ನಡೆಯುತ್ತವೆ. ಆದ್ದರಿಂದ ಮನೆಯಲ್ಲಿ ಉಗುರನ್ನು ಅಲಂಕರಿಸಿಕೊಳ್ಳಲು ಹೊರಟವರು ಯಾವ ಬಣ್ಣ ಚೆಂದ ಎಂದು ಯೋಚಿಸುವುದಕ್ಕೆ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕೆಂದು ನಾನು ಹೇಳುತ್ತೇನೆ. ಮುಂದಿನ ಒಂದು ವಾರ ಈ ಕೈ ಯಾವ ಕೆಲಸ ಮಾಡಲಿದೆ? ಹಚ್ಚಿದ್ದನ್ನು ಅಥವಾ ಅಂಟಿಸಿದ್ದನ್ನು ನಾನು ಹೇಗೆ ತೆಗೆಯುತ್ತೇನೆ? ಎರಡನೆಯ ಪ್ರಶ್ನೆಯನ್ನು ಕೇಳಿಕೊಳ್ಳದೆ ಕೆಲವು ವರ್ಷಗಳ ಹಿಂದೆ ನಾನು ಪಟ್ಟ ಪಾಡನ್ನು ಮುಂದೆ ಹೇಳುತ್ತೇನೆ.

ಮೊದಲು ಉಗುರಿನ ಸ್ವಭಾವವನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಕೂದಲಿನಲ್ಲಿರುವ ಕೆರಾಟಿನ್ ಎಂಬ ಪ್ರೋಟೀನೇ ಉಗುರಿನಲ್ಲಿಯೂ ತೆಳುವಾದ ಪದರಗಳಾಗಿ ಒತ್ತೊತ್ತಾಗಿ ಕೂಡಿಕೊಂಡಿರುತ್ತದೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಬುಡದಿಂದ ತುದಿಯವರೆಗೆ ಪೂರ್ತಿ ಹೊಸ ಉಗುರು ಬರಲು ಹೆಚ್ಚುಕಡಿಮೆ 6 ತಿಂಗಳು ಬೇಕು. ಕಾಲಿನ ಹೆಬ್ಬೆರಳಿನ ಉಗುರಿಗೆ ಒಂದು ವರ್ಷಕ್ಕಿಂತ ಹೆಚ್ಚು ಸಮಯ ಹಿಡಿಯುತ್ತದೆ. ಅಂದರೆ ಇಂದು ನಾವು ಉಗುರಿನ ಮೇಲ್ಪದರವನ್ನು ಕಿತ್ತುಕೊಂಡರೆ ಅದರ ಗುರುತು ಅರ್ಧ ವರ್ಷ ನಮ್ಮ ಜೊತೆಗೇ ಇರುತ್ತದೆ. ಉಗುರು ನೀರನ್ನು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಆದರೆ ಅದರ ಮೇಲೆ ಕೂತ ಬಣ್ಣದ ಪೊರೆ ಅಷ್ಟು ಹಿಗ್ಗಿ ಕುಗ್ಗುವುದಿಲ್ಲ, ಹಾಗಾಗಿಯೇ ಬಣ್ಣ ತುದಿಯಿಂದ ಚಕ್ಕೆಯಾಗಿ ಏಳುತ್ತದೆ. ನಮ್ಮ ಕೊಳವೆಬಾವಿಗಳ ಗಡಸು ನೀರಿನಲ್ಲಿ ಸೋಪು ಸರಿಯಾಗಿ ನೊರೆ ಕೊಡುವುದಿಲ್ಲವೆಂದು ನಾವು ಇನ್ನಷ್ಟು ಸೋಪು ಹಾಕುತ್ತೇವೆ. ಅದು ಉಗುರಿನ ಎಣ್ಣೆಯಂಶವನ್ನೂ ತೊಳೆದುಬಿಡುತ್ತದೆ. ಪಾತ್ರೆ ತೊಳೆಯುವಾಗ ರಬ್ಬರ್ ಗ್ಲೌಸ್ ಹಾಕಿಕೊಳ್ಳುವ ಅಭ್ಯಾಸವೊಂದೇ ಬಣ್ಣದ ಆಯುಸ್ಸನ್ನು ಎಷ್ಟೋ ಹೆಚ್ಚಿಸುತ್ತದೆ.

ಸಾಮಾನ್ಯ ಉಗುರುಬಣ್ಣವನ್ನು ನಮ್ಮಲ್ಲಿ ಹಿರಿಯರು ಇಂದಿಗೂ ಕ್ಯೂಟೆಕ್ಸ್ ಎಂದೇ ಕರೆಯುತ್ತಾರೆ, ಯಾವ ಕಂಪನಿಯ ಸೀಸೆಯಾದರೂ ಸರಿ. ಆ ಹೆಸರು 1911ರಲ್ಲಿ ಅಮೆರಿಕದಲ್ಲಿ ಉಗುರಿನ ಬುಡದ ಚರ್ಮವನ್ನು ಮೆದುಗೊಳಿಸುವ ದ್ರವದ ಹೆಸರಾಗಿ ಹುಟ್ಟಿದ್ದು. ಬಣ್ಣ ಬಂದದ್ದು ಆಮೇಲೆ. ಈ ಬಣ್ಣದ ಮೂಲ ವಸ್ತು ನೈಟ್ರೋಸೆಲ್ಯುಲೋಸ್. ಅದನ್ನು ಈಥೈಲ್ ಅಸಿಟೇಟ್ ಮತ್ತು ಬ್ಯುಟೈಲ್ ಅಸಿಟೇಟ್ ಎಂಬ ದ್ರಾವಕಗಳಲ್ಲಿ ಕರಗಿಸಿ, ಬಣ್ಣದ ಪುಡಿಯನ್ನೂ ಪೊರೆ ಒಡೆಯದಂತೆ ಬಾಗುವ ಗುಣ ಕೊಡುವ ವಸ್ತುಗಳನ್ನೂ ಸೇರಿಸಿರುತ್ತಾರೆ. ಹಚ್ಚಿದ ಮೇಲೆ ದ್ರಾವಕ ಆವಿಯಾಗಿ ಹೋಗುತ್ತದೆ, ಪೊರೆ ಉಳಿಯುತ್ತದೆ. ಇಷ್ಟು ತಿಳಿದಿದ್ದರೆ ಮುಂದಿನ ಎಲ್ಲ ಎಚ್ಚರಿಕೆಗಳ ಕಾರಣವೂ ತಾನಾಗಿಯೇ ಅರ್ಥವಾಗುತ್ತದೆ. ಸೀಸೆಯ ಮೇಲೆ ಟಾಲ್ವೀನ್, ಫಾರ್ಮಾಲ್ಡಿಹೈಡ್ ಮತ್ತು ಡೈಬ್ಯುಟೈಲ್ ಥ್ಯಾಲೇಟ್ ಇಲ್ಲವೆಂದು ಬರೆದಿರುವುದನ್ನು ಕೊಳ್ಳುವುದು ಮೇಲು. ಸಂತೆಯಲ್ಲಿ ಮಾರುವ, ತಯಾರಕರ ಹೆಸರು, ಒಳಗಿರುವ ವಸ್ತುಗಳ ಪಟ್ಟಿ, ತಯಾರಾದ ದಿನಾಂಕ ಯಾವುದೂ ಇಲ್ಲದ ಸೀಸೆ ಎಷ್ಟೇ ಅಗ್ಗವಾಗಿದ್ದರೂ ಬೇಡ.

ಹಚ್ಚುವ ಮೊದಲಿನ ಸಿದ್ಧತೆಗೆ ಹಚ್ಚುವುದಕ್ಕಿಂತ ಹೆಚ್ಚು ಸಮಯ ಕೊಡಬೇಕು. ಹಳೆಯ ಬಣ್ಣವಿದ್ದರೆ ರಿಮೂವರ್‌ನಲ್ಲಿ ಅದ್ದಿದ ಹತ್ತಿಯನ್ನು ಉಗುರಿನ ಮೇಲೆ ಹತ್ತು ಸೆಕೆಂಡು ಒತ್ತಿ ಹಿಡಿದು, ಬುಡದಿಂದ ತುದಿಯ ಕಡೆಗೆ ಒಂದೇ ಸಲ ಎಳೆದು ಒರೆಸಬೇಕು. ಹಿಂದೆ ಮುಂದೆ ಉಜ್ಜಿದರೆ ಬಣ್ಣ ಪಕ್ಕದ ಚರ್ಮಕ್ಕೆ ಹತ್ತುತ್ತದೆ. ಅನಂತರ ನೇಲ್ ಕಟರ್‌ನಿಂದ ಉದ್ದವನ್ನು ಕತ್ತರಿಸಿ, ಅಂಚನ್ನು ಫೈಲ್‌ನಿಂದ ಒಂದೇ ದಿಕ್ಕಿಗೆ ತೀಡಬೇಕು. ಫೈಲ್ ಕೊಳ್ಳುವಾಗ ಅದರ ಮೇಲಿನ ಸಂಖ್ಯೆಯನ್ನು ನೋಡಿ: 180 ಅಥವಾ 240 ಇರುವುದು ನಮ್ಮ ಸ್ವಂತ ಉಗುರಿಗೆ ಸರಿ, 100 ಇರುವುದು ಕೃತಕ ಉಗುರಿಗಾಗಿ ಮಾಡಿದ ಒರಟು ಫೈಲ್, ಅದು ನಿಜವಾದ ಉಗುರನ್ನು ಸೀಳುತ್ತದೆ. ಅಡುಗೆ ಮಾಡುವ, ಹೂ ಕಟ್ಟುವ ಕೈಗೆ ಬೆರಳ ತುದಿಗಿಂತ ಸ್ವಲ್ಪವೇ ಮುಂದಿರುವ, ಮೂಲೆಗಳನ್ನು ಗುಂಡಗೆ ಮಾಡಿದ ಉಗುರು ಎಲ್ಲಕ್ಕಿಂತ ಗಟ್ಟಿ. ಚೂಪಾದ ಆಕಾರ ಮುದ್ದೆಯ ಬಿಸಿ ಹಿಟ್ಟನ್ನು ನಾದುವ ಕೈಗೆ ಹೇಳಿಸಿದ್ದಲ್ಲ.

ಉಗುರಿನ ಬುಡದಲ್ಲಿರುವ ತೆಳುವಾದ ಚರ್ಮವನ್ನು ಬ್ಲೇಡಿನಿಂದ ಕತ್ತರಿಸಬೇಡಿ ಎಂಬುದನ್ನು ಒತ್ತಿ ಹೇಳುತ್ತೇನೆ. ನೀರು ಮತ್ತು ರೋಗಾಣುಗಳು ಉಗುರಿನ ಬೇರಿಗೆ ಇಳಿಯದಂತೆ ತಡೆಯುವ ಬಾಗಿಲು ಅದು. ಅದು ಹರಿದಾಗಲೇ ಉಗುರುಸುತ್ತು ಏಳುವುದು. ಉಗುರುಸುತ್ತಿನಿಂದ ರಾತ್ರಿಯಿಡೀ ನಿದ್ದೆಗೆಟ್ಟವರು ಇದನ್ನು ಮರೆಯುವುದಿಲ್ಲ. ಒಂದು ಹನಿ ಕೊಬ್ಬರಿ ಎಣ್ಣೆ ಸವರಿ, ಐದು ನಿಮಿಷ ಬಿಟ್ಟು, ಮೆತ್ತನೆಯ ಬಟ್ಟೆ ಸುತ್ತಿದ ಬೆರಳಿನಿಂದ ಹಿಂದಕ್ಕೆ ಸರಿಸಿದರೆ ಸಾಕು. ಆದರೆ ಎಣ್ಣೆ ಉಳಿದ ಉಗುರಿನ ಮೇಲೆ ಬಣ್ಣ ನಿಲ್ಲುವುದಿಲ್ಲ. ಕೈ ತೊಳೆದು, ಚೆನ್ನಾಗಿ ಒರೆಸಿ, ಸ್ವಲ್ಪ ಹೊತ್ತು ಆರಲು ಬಿಟ್ಟು, ಕಡೆಗೆ ರಿಮೂವರ್ ಹಚ್ಚಿದ ಹತ್ತಿಯಿಂದ ಮತ್ತೊಮ್ಮೆ ಉಗುರನ್ನಷ್ಟೇ ಒರೆಸಬೇಕು. ಸ್ನಾನ ಮಾಡಿದ ಕೂಡಲೇ ಅಥವಾ ಬಟ್ಟೆ ಒಗೆದು ಬಂದ ಕೂಡಲೇ ಹಚ್ಚಬೇಡಿ, ಏಕೆಂದರೆ ಆಗ ಉಗುರು ನೀರು ಕುಡಿದು ಉಬ್ಬಿರುತ್ತದೆ.

ಈಗ ಬಣ್ಣ. ಸೀಸೆಯನ್ನು ಮೇಲೆ ಕೆಳಗೆ ಕುಲುಕಿದರೆ ಗಾಳಿಗುಳ್ಳೆಗಳು ಸೇರುತ್ತವೆ. ಎರಡು ಅಂಗೈಗಳ ನಡುವೆ ಇಟ್ಟು ಬತ್ತಿ ಹೊಸೆದಂತೆ ಉರುಳಿಸಿ. ಮೊದಲು ಬಣ್ಣವಿಲ್ಲದ ಬೇಸ್ ಕೋಟ್ ಒಂದು ಪದರ. ಕಡುಗೆಂಪು, ಕುಂಕುಮದ ಬಣ್ಣ, ಕಪ್ಪು ಇವುಗಳನ್ನು ನೇರವಾಗಿ ಹಚ್ಚಿದರೆ ಉಗುರು ಹಳದಿಯಾಗುತ್ತದೆ. ಬೇಸ್ ಕೋಟ್ ಅದನ್ನು ತಡೆಯುತ್ತದೆ. ಬಳಿಕ ಕುಂಚವನ್ನು ಸೀಸೆಯ ಕತ್ತಿಗೆ ಒರೆಸಿ, ಒಂದು ಬದಿಯಲ್ಲಿ ಮಾತ್ರ ಬಣ್ಣ ಉಳಿಸಿಕೊಂಡು, ಉಗುರಿನ ನಡುವೆ ಒಂದು ಗೆರೆ, ಎಡಕ್ಕೆ ಒಂದು, ಬಲಕ್ಕೆ ಒಂದು ಎಳೆಯಿರಿ. ಬುಡದ ಚರ್ಮಕ್ಕೆ ತಾಗದಂತೆ ಕೂದಲೆಳೆಯಷ್ಟು ಜಾಗ ಬಿಡಬೇಕು, ಏಕೆಂದರೆ ಚರ್ಮಕ್ಕೆ ಅಂಟಿದ ಬಣ್ಣ ಅಲ್ಲಿಂದಲೇ ಮೇಲೇಳಲು ಶುರುವಾಗುತ್ತದೆ. ಕೊನೆಯಲ್ಲಿ ಕುಂಚವನ್ನು ಉಗುರಿನ ತುದಿಯ ದಪ್ಪದ ಮೇಲೂ ಅಡ್ಡಲಾಗಿ ಸವರಿ. ಹೆಚ್ಚಿನವರು ಬಿಡುವ ಹೆಜ್ಜೆ ಇದೇ, ಅವರೆಕಾಯಿಯ ಕಾಲದಲ್ಲಿ ಬಣ್ಣವನ್ನು ಕಾಪಾಡುವುದೂ ಇದೇ. ಎರಡು ಅಥವಾ ಮೂರು ನಿಮಿಷ ಬಿಟ್ಟು ಎರಡನೆಯ ತೆಳುವಾದ ಪದರ, ಮತ್ತೆ ಅಷ್ಟೇ ಹೊತ್ತು ಬಿಟ್ಟು ಬಣ್ಣದ ಮೇಲೆ ಕೊನೆಯದಾಗಿ ಹಚ್ಚುವ ಟಾಪ್ ಕೋಟ್. ಒಂದೇ ಸಲಕ್ಕೆ ದಪ್ಪಗೆ ಹಚ್ಚಿದರೆ ಮೇಲ್ಭಾಗ ಒಣಗಿ ಒಳಗೆ ಹಸಿ ಉಳಿಯುತ್ತದೆ, ಬೆಳಗ್ಗೆ ಏಳುವಾಗ ಹೊದಿಕೆಯ ನೇಯ್ಗೆ ಉಗುರಿನ ಮೇಲೆ ಮೂಡಿರುತ್ತದೆ. ಫ್ಯಾನಿನ ಕೆಳಗೆ ಕೂತು ಹಚ್ಚಿದರೂ ಇದೇ ತೊಂದರೆ. ಮುಟ್ಟಿದರೆ ಅಂಟದಷ್ಟು ಒಣಗಲು ಕಾಲು ಗಂಟೆ ಸಾಕಾದರೂ ಒಳಗಿನವರೆಗೆ ಗಟ್ಟಿಯಾಗಲು ಹಲವು ಗಂಟೆ ಬೇಕಾಗುವುದರಿಂದ, ರಾತ್ರಿಯ ಅಡುಗೆ ಮತ್ತು ಪಾತ್ರೆ ಮುಗಿದ ಮೇಲೆ, ಮಲಗುವುದಕ್ಕೆ ಎರಡು ಗಂಟೆ ಮುಂಚೆ ಹಚ್ಚಿಕೊಳ್ಳುವುದು ನನ್ನ ಅನುಭವದಲ್ಲಿ ಸರಿಯಾದ ವೇಳೆ. ಎಡಗೈಗೆ ಬೇಗ ಮುಗಿಯುತ್ತದೆ, ಬಲಗೈಗೆ ತಡವಾಗುತ್ತದೆ; ಅದಕ್ಕೆ ಬಲಗೈಯನ್ನು ಮೇಜಿನ ಮೇಲೆ ಊರಿ, ಕುಂಚವನ್ನು ಸರಿಸುವ ಬದಲು ಬೆರಳನ್ನೇ ಸ್ವಲ್ಪ ಸ್ವಲ್ಪ ಹೊರಳಿಸಿ ನೋಡಿ.

ಬಣ್ಣವೂ ರಿಮೂವರೂ ಬೇಗನೆ ಬೆಂಕಿ ಹತ್ತಿಕೊಳ್ಳುವ ದ್ರವಗಳು. ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆ ಉರಿಯುತ್ತಿರುವ ಕಡೆ ಇವನ್ನು ತೆರೆಯಬಾರದು. ಹಬ್ಬದ ದಿನ ಎಲ್ಲವೂ ಒಟ್ಟಿಗೆ ನಡೆಯುವುದರಿಂದ ಈ ಮಾತು ಮನಸ್ಸಿನಲ್ಲಿರಲಿ. ಕಿಟಕಿ ತೆರೆದಿರಬೇಕು. ಬೇಸಿಗೆಯಲ್ಲಿ ಸೀಸೆಯ ಬಣ್ಣ ಗಟ್ಟಿಯಾದರೆ ಅದಕ್ಕೆ ರಿಮೂವರ್ ಸುರಿಯುವುದು ತಪ್ಪು, ಬಣ್ಣದ ಪೊರೆಯೇ ಕೆಡುತ್ತದೆ. ಉಗುರುಬಣ್ಣದ ಥಿನ್ನರ್ ಎಂದೇ ಮಾರುವ ದ್ರವವನ್ನು ಎರಡು ಮೂರು ಹನಿ ಹಾಕಿ ಉರುಳಿಸಬೇಕು.

ಜೆಲ್ ಪಾಲಿಶ್ ಬೇರೆಯೇ ಜಾತಿ. ಅದು ಆವಿಯಾಗಿ ಒಣಗುವುದಿಲ್ಲ. ಅದರಲ್ಲಿರುವ ಅಕ್ರಿಲೇಟ್ ಮತ್ತು ಮೆಥಾಕ್ರಿಲೇಟ್ ಅಣುಗಳು ಜೆಲ್‌ಗೆಂದೇ ಇರುವ ಪುಟ್ಟ ವಿದ್ಯುತ್ ದೀಪದ ನೇರಳಾತೀತ ಕಿರಣಕ್ಕೆ ಒಂದಕ್ಕೊಂದು ಬೆಸೆದುಕೊಂಡು ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗುತ್ತವೆ. ಎರಡು ವಾರ ಹೊಳಪು ಕೆಡದೆ ಉಳಿಯುತ್ತದೆ ಎಂಬುದು ನಿಜ. ಆದರೆ ಬೆಸೆಯದೆ ಉಳಿದ ಹಸಿ ಜೆಲ್ ಚರ್ಮಕ್ಕೆ ಮತ್ತೆ ಮತ್ತೆ ತಾಗಿದರೆ ಅಲರ್ಜಿ ಹುಟ್ಟಬಹುದು; ಮುಖ್ಯವಾಗಿ ಹೆಮಾ ಎಂದು ಕರೆಯುವ ವಸ್ತುವಿನಿಂದ. ಒಮ್ಮೆ ಹುಟ್ಟಿದ ಆ ಅಲರ್ಜಿ ಸಾಮಾನ್ಯವಾಗಿ ಹೋಗುವುದಿಲ್ಲ, ಮತ್ತು ಅದೇ ಜಾತಿಯ ವಸ್ತುಗಳನ್ನು ಹಲ್ಲು ತುಂಬುವುದಕ್ಕೂ ಮೂಳೆಯ ಶಸ್ತ್ರಚಿಕಿತ್ಸೆಯ ಸಿಮೆಂಟಿನಲ್ಲೂ ಬಳಸುವುದರಿಂದ ಇದು ಉಗುರಿನ ಮಾತಷ್ಟೇ ಆಗಿ ಉಳಿಯುವುದಿಲ್ಲ. ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು. ದೀಪದ ಕೆಳಗೆ ಕೈಯಿಟ್ಟಿರುವಾಗ ಕರೆಂಟ್ ಹೋದರೆ ಜೆಲ್ ಅರೆಬೆಂದಂತೆ ಉಳಿಯುತ್ತದೆ. ಕರೆಂಟ್ ಬಂದ ಮೇಲೆ ಆ ಪದರಕ್ಕೆ ಪೂರ್ತಿ ಸಮಯವನ್ನು ಮತ್ತೆ ಕೊಡಬೇಕು, ಅಂದಾಜಿನ ಮೇಲೆ ಮುಗಿಸಬಾರದು. ಒಂದು ಕಂಪನಿಯ ಜೆಲ್‌ಗೆ ಇನ್ನೊಂದು ಕಂಪನಿಯ ಪುಟ್ಟ ದೀಪವನ್ನು ಬಳಸಿದಾಗಲೂ ಮೇಲೆ ಗಟ್ಟಿ, ಒಳಗೆ ಹಸಿ ಎಂಬ ಸ್ಥಿತಿ ಬರುತ್ತದೆ. ಆದ್ದರಿಂದ ಜೆಲ್ ಮತ್ತು ದೀಪವನ್ನು ಜೊತೆಯಾಗಿಯೇ ಕೊಳ್ಳಿ. ಪದರ ತೆಳುವಾಗಿರಲಿ, ಚರ್ಮಕ್ಕೆ ತಾಗಿದ ಜೆಲ್ಲನ್ನು ದೀಪಕ್ಕೆ ಒಡ್ಡುವ ಮೊದಲೇ ಒರೆಸಿಬಿಡಿ. ಕೈಗೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಹಚ್ಚಿಕೊಳ್ಳಬೇಕೆಂದು ಅಮೆರಿಕದ ಚರ್ಮವೈದ್ಯರ ಸಂಘ ಸಲಹೆ ನೀಡುತ್ತದೆ. ಬೆರಳ ತುದಿ ಕತ್ತರಿಸಿದ ಗ್ಲೌಸ್ ಆದರೂ ನಡೆಯುತ್ತದೆ. ಜೆಲ್ ಗಟ್ಟಿಯಾಗಲು ನೆರವಾಗುವ ಟಿಪಿಒ ಎಂಬ ವಸ್ತುವನ್ನು ಯುರೋಪಿಯನ್ ಒಕ್ಕೂಟವು 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ. ಕೊಳ್ಳುವಾಗ ಅದಿಲ್ಲದ ಜೆಲ್ಲನ್ನು ಹುಡುಕಿ ಕೊಳ್ಳಬಹುದು.

ನಾನು ಪಾಡು ಪಟ್ಟದ್ದು ಜೆಲ್ ತೆಗೆಯುವಲ್ಲಿ. ಅಕ್ಕನ ಮಗಳ ಮದುವೆಗೆಂದು ಹಚ್ಚಿಸಿಕೊಂಡ ಜೆಲ್ ಹನ್ನೆರಡನೆಯ ದಿನ ಒಂದು ಮೂಲೆಯಲ್ಲಿ ಎದ್ದಿತು. ಟೀವಿ ನೋಡುತ್ತಾ ಆ ಮೂಲೆಯನ್ನು ಹಿಡಿದು ಸಿಪ್ಪೆ ಸುಲಿದಂತೆ ಹತ್ತೂ ಬೆರಳಿನಿಂದ ಎಳೆದುಹಾಕಿದೆ. ಜೆಲ್ಲಿನ ಹಿಂಬದಿಯಲ್ಲಿ ಬಿಳಿಯ ಪುಡಿಯಂತೆ ಕಂಡದ್ದು ನನ್ನ ಉಗುರಿನದೇ ಪದರ. ಮಾರನೆಯ ದಿನ ಬಿಸಿ ಸಾರಿನಲ್ಲಿ ಮುದ್ದೆ ಅದ್ದಿದಾಗ ಬೆರಳ ತುದಿಗಳು ಚುರುಗುಟ್ಟಿದವು, ಹುಣಸೆಹಣ್ಣು ಕಿವುಚಲು ಆಗಲಿಲ್ಲ, ಉಗುರುಗಳು ಕಾಗದದಂತೆ ಮಡಚಿಕೊಳ್ಳುತ್ತಿದ್ದವು. ಪೂರ್ತಿ ಸರಿಹೋಗಲು ಐದು ತಿಂಗಳು ಬೇಕಾಯಿತು. ಸರಿಯಾದ ಕ್ರಮ ಹೀಗಿದೆ: ಮೇಲಿನ ಹೊಳಪಿನ ಪದರವನ್ನು ಫೈಲ್‌ನಿಂದ ಮಂಕಾಗುವವರೆಗೆ ಮಾತ್ರ ಉಜ್ಜಿ, ಸುತ್ತಲಿನ ಚರ್ಮಕ್ಕೆ ವ್ಯಾಸಲೀನ್ ಸವರಿ, ಅಸಿಟೋನ್ ಎಂಬ ದ್ರಾವಕದಲ್ಲಿ ಅದ್ದಿದ ಹತ್ತಿಯ ತುಣುಕನ್ನು ಉಗುರಿನ ಮೇಲಿಟ್ಟು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್‌ನಿಂದ ಸುತ್ತಿ, 10ರಿಂದ 15 ನಿಮಿಷ ಕಾಯಬೇಕು. ಜೆಲ್ ಮುದುರಿಕೊಂಡು ಏಳುತ್ತದೆ. ಮರದ ಕಡ್ಡಿಯಿಂದ ಮೆಲ್ಲಗೆ ತಳ್ಳಿದರೆ ಬೀಳುತ್ತದೆ. ಬೀಳದ ಕಡೆ ಒತ್ತಡ ಹಾಕದೆ ಇನ್ನೈದು ನಿಮಿಷ ಸುತ್ತಿಡಿ. ಬಳಿಕ ಕೈ ತೊಳೆದು ಹರಳೆಣ್ಣೆ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿ.

ಒಂದೆರಡು ದಿನದ ಸಮಾರಂಭಕ್ಕೆ ಉದ್ದವಾದ ಉಗುರೇ ಬೇಕೆನ್ನುವ ಹುಡುಗಿಯರಿಗೆ ನಾನು ಧೈರ್ಯವಾಗಿ ಹೇಳುವುದು ಅಂಟಿಸುವ ಉಗುರನ್ನು. ಬಜಾರಿನ ಫ್ಯಾನ್ಸಿ ಅಂಗಡಿಗಳಲ್ಲಿ ಸಾಮಾನ್ಯವಾಗಿ 24 ಉಗುರುಗಳ ಡಬ್ಬಿ ಸಿಗುತ್ತದೆ, ಬೇರೆ ಬೇರೆ ಅಳತೆಯವು ಅದರಲ್ಲಿರುತ್ತವೆ. ಅಂಟು ತೆರೆಯುವ ಮೊದಲೇ ಹತ್ತೂ ಬೆರಳಿಗೆ ಒಂದೊಂದನ್ನು ಇಟ್ಟು ನೋಡಿ, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಸಾಲಾಗಿ ಜೋಡಿಸಿಕೊಳ್ಳಬೇಕು. ಉಗುರು ಒಂದು ಬದಿಯ ಚರ್ಮದಿಂದ ಇನ್ನೊಂದು ಬದಿಯವರೆಗೆ ಮುಚ್ಚಬೇಕೇ ಹೊರತು ಚರ್ಮದ ಮೇಲೆ ಹತ್ತಬಾರದು. ಎರಡು ಅಳತೆಗಳ ನಡುವೆ ಸಂದೇಹ ಬಂದರೆ ದೊಡ್ಡದನ್ನು ತೆಗೆದುಕೊಂಡು ಬದಿಗಳನ್ನು ಉಜ್ಜಿ ಸರಿಮಾಡಿ. ಚಿಕ್ಕದನ್ನು ಒತ್ತಿ ಕೂರಿಸಿದರೆ ಅದು ತಟ್ಟನೆ ಹಾರಿಹೋಗುತ್ತದೆ.

ಅಂಟಿನಲ್ಲಿ ಎರಡು ಬಗೆ. ಎರಡೂ ಕಡೆ ಅಂಟುವ ಪಾರದರ್ಶಕ ಸ್ಟಿಕ್ಕರುಗಳು ಒಂದೆರಡು ದಿನ ತಡೆಯುತ್ತವೆ, ಸುಲಭವಾಗಿ ಬಿಡುತ್ತವೆ. ವರಪೂಜೆ, ಆರತಕ್ಷತೆ, ಕಾಲೇಜಿನ ವಾರ್ಷಿಕೋತ್ಸವಕ್ಕೆ ಇವೇ ಸಾಕು. ಚಿಕ್ಕ ಕೊಳವೆಯಲ್ಲಿ ಬರುವ ಅಂಟು ಒಂದು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಇದು ಸಯನೋಅಕ್ರಿಲೇಟ್. ಹತ್ತಿಯ ಬಟ್ಟೆಗೆ ತಾಗಿದರೆ ಇದು ಥಟ್ಟನೆ ಕಾದು ಚರ್ಮ ಸುಡುವಷ್ಟು ಬಿಸಿಯಾಗಬಲ್ಲದು, ಆದ್ದರಿಂದ ಹತ್ತಿಯ ಸೀರೆಯುಟ್ಟು ಮಡಿಲಲ್ಲಿ ಕೈಯಿಟ್ಟುಕೊಂಡು ಈ ಕೆಲಸ ಮಾಡಬೇಡಿ, ಚೆಲ್ಲಿದ್ದನ್ನು ಹತ್ತಿಯಿಂದ ಒರೆಸಬೇಡಿ. ಮೇಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿಕೊಳ್ಳಿ. ಕೊಳವೆ ನೋಡಲು ಕಣ್ಣಿಗೆ ಬಿಡುವ ಔಷಧಿಯಂತೆಯೇ ಇರುತ್ತದೆ, ಔಷಧಿಗಳಿರುವ ಗೂಡಿನಲ್ಲಿ ಅದನ್ನು ಎಂದಿಗೂ ಇಡಬಾರದು. ಅಕಸ್ಮಾತ್ ಕಣ್ಣಿಗೆ ಬಿದ್ದರೆ ರೆಪ್ಪೆಗಳನ್ನು ಬಲವಂತವಾಗಿ ಬಿಡಿಸದೆ, ನೀರಿನಿಂದ ತೊಳೆಯುತ್ತಲೇ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು.

ಅಂಟಿಸುವಾಗ ಸ್ವಂತ ಉಗುರನ್ನು ಚಿಕ್ಕದಾಗಿ ಕತ್ತರಿಸಿ, ಎಣ್ಣೆಯಿಲ್ಲದಂತೆ ಒರೆಸಿ, ಕೃತಕ ಉಗುರಿನ ಬುಡವನ್ನು ನಮ್ಮ ಉಗುರಿನ ಬುಡಕ್ಕೆ ಓರೆಯಾಗಿ ತಾಗಿಸಿ, ಅಲ್ಲಿಂದ ತುದಿಯ ಕಡೆಗೆ ನಿಧಾನವಾಗಿ ಇಳಿಸುತ್ತಾ ಗಾಳಿಯನ್ನು ಹೊರದೂಡಿ, ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಗಾಳಿ ಉಳಿದ ಜಾಗದಲ್ಲಿ ನೀರು ಸೇರುತ್ತದೆ. ನೀರು ನಿಂತ ಜಾಗದಲ್ಲಿ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ಉಗುರು ಹಸಿರಾಗುತ್ತದೆ. ಆದ್ದರಿಂದ ಒಂದು ಬದಿ ಎದ್ದ ಉಗುರಿಗೆ ಮೇಲಿನಿಂದ ಮತ್ತೆ ಅಂಟು ತುಂಬುವುದು ತಪ್ಪು. ಪೂರ್ತಿ ತೆಗೆದು, ಒಣಗಿಸಿ, ಹೊಸದಾಗಿ ಅಂಟಿಸಬೇಕು. ತೆಗೆಯಲು ಬೆಚ್ಚಗಿನ ಸೋಪುನೀರಿಗೆ ಸ್ವಲ್ಪ ಎಣ್ಣೆ ಹಾಕಿ ಕಾಲು ಗಂಟೆ ಕೈಯದ್ದಿ, ಬದಿಯಿಂದ ಕಡ್ಡಿಯಾಡಿಸುತ್ತಾ ಬಿಡಿಸಿ. ಅಸಿಟೋನ್ ಬಳಸಿದರೆ ಬೇಗ ಬಿಡುತ್ತದೆ, ಆದರೆ ಆ ಉಗುರು ಕರಗಿ ಮತ್ತೆ ಬಳಕೆಗೆ ಬರುವುದಿಲ್ಲ. ಕೃತಕ ಉಗುರು ಹಾಕಿಕೊಂಡು ಮುದ್ದೆ ಕಟ್ಟುವುದು, ಹಿಟ್ಟು ನಾದುವುದು ಬೇಡ, ಅದರಡಿ ಸಿಕ್ಕಿಕೊಂಡ ಹಿಟ್ಟನ್ನು ತೆಗೆಯುವುದು ಕಷ್ಟ.

ದ್ರವ ಮತ್ತು ಪುಡಿ ಬೆರೆಸಿ ಕಟ್ಟುವ ಅಕ್ರಿಲಿಕ್ ಉಗುರನ್ನು ಮನೆಯಲ್ಲಿ ಮಾಡಿಕೊಳ್ಳಬೇಡಿ ಎಂಬುದೇ ನನ್ನ ಸಲಹೆ. ಅಗ್ಗದ ದ್ರವಗಳಲ್ಲಿ ಮೀಥೈಲ್ ಮೆಥಾಕ್ರಿಲೇಟ್ ಇರುವ ಸಂಭವವಿದೆ; 1970ರ ದಶಕದ ಆರಂಭದಲ್ಲಿಯೇ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಪ್ಪಟ ಮೀಥೈಲ್ ಮೆಥಾಕ್ರಿಲೇಟ್ ದ್ರವದಿಂದ ಮಾಡಿದ ಉಗುರಿನ ಉತ್ಪನ್ನಗಳ ವಿರುದ್ಧ ನ್ಯಾಯಾಲಯಕ್ಕೆ ಹೋಗಿತ್ತು. ಅದರಿಂದ ಕಟ್ಟಿದ ಉಗುರು ಅತಿ ಗಡಸು. ಎಲ್ಲಾದರೂ ಸಿಕ್ಕಿಕೊಂಡರೆ ಕೃತಕ ಉಗುರು ಮುರಿಯುವ ಬದಲು ನಮ್ಮ ಉಗುರೇ ಕಿತ್ತುಬರಬಹುದು.

ಕೆಲವು ಸಂದರ್ಭಗಳಲ್ಲಿ ಬರಿಯ ಉಗುರೇ ಬೇಕು. ಶಸ್ತ್ರಚಿಕಿತ್ಸೆಗೆ ಸೇರುವವರು ಬಣ್ಣ ಮತ್ತು ಕೃತಕ ಉಗುರನ್ನು ತೆಗೆದು ಹೋಗಬೇಕು, ಏಕೆಂದರೆ ಬೆರಳಿಗೆ ಹಾಕುವ ಆಕ್ಸಿಮೀಟರಿನ ಅಳತೆ ಏರುಪೇರಾಗಬಹುದು. ನರ್ಸಿಂಗ್ ಓದುವ ಹುಡುಗಿಯರು ಗಮನಿಸಬೇಕಾದದ್ದು: ರೋಗಿಗಳನ್ನು ಮುಟ್ಟಿ ಆರೈಕೆ ಮಾಡುವವರು ಕೃತಕ ಉಗುರು ಧರಿಸಬಾರದು, ಸ್ವಂತ ಉಗುರಿನ ತುದಿಯೂ ಅರ್ಧ ಸೆಂಟಿಮೀಟರಿಗಿಂತ ಚಿಕ್ಕದಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2009ರ ಕೈಶುಚಿತ್ವದ ಮಾರ್ಗಸೂಚಿ ಹೇಳುತ್ತದೆ. ಉಗುರು ಉಸಿರಾಡಲು ಬಿಡುವು ಬೇಕೆಂಬ ಮಾತು ಸರಿಯಲ್ಲ, ಉಗುರಿಗೆ ಪೋಷಣೆ ಬರುವುದು ಒಳಗಿನ ರಕ್ತದಿಂದ. ಆದರೂ ತಿಂಗಳಿಗೆ ಒಂದು ವಾರ ಬಣ್ಣವಿಲ್ಲದೆ ಬಿಡುವುದು ಒಳ್ಳೆಯದು, ಏಕೆಂದರೆ ರಕ್ತಹೀನತೆಯಿಂದ ಚಮಚದಂತೆ ಗುಳಿ ಬಿದ್ದ ಉಗುರು, ಶಿಲೀಂಧ್ರದಿಂದ ದಪ್ಪಗಾದ ಉಗುರು, ಹೊಸದಾಗಿ ಮೂಡಿ ಅಗಲವಾಗುತ್ತಿರುವ ಕಪ್ಪು ಗೆರೆ ಇವೆಲ್ಲ ಬಣ್ಣದಡಿ ಕಾಣದೆ ಉಳಿಯುತ್ತವೆ. ಇವುಗಳಲ್ಲಿ ಯಾವುದನ್ನು ಕಂಡರೂ ಬಣ್ಣದಿಂದ ಮರೆಮಾಡದೆ ವೈದ್ಯರಿಗೆ ತೋರಿಸಿ.

ಬಣ್ಣ ಬೇಕು, ಆದರೆ ಚಕ್ಕೆ ಏಳಬಾರದು, ರಿಮೂವರ್ ಗೊಡವೆಯೂ ಬೇಡ ಎನ್ನುವವರಿಗೆ ಗೋರಂಟಿ ಇದೆ. ಅದರ ಎಲೆಯಲ್ಲಿರುವ ಲಾಸೋನ್ ಎಂಬ ವರ್ಣದ್ರವ್ಯ ಉಗುರಿನ ಕೆರಾಟಿನ್‌ಗೇ ಬೆಸೆದುಕೊಳ್ಳುವುದರಿಂದ ಮೇಲೆ ಪೊರೆಯೇ ಇರುವುದಿಲ್ಲ. ನೀರು ಉಗುರಿಗೆ ತಾಗಲೇಬೇಕೆಂಬ ಕಾರಣಕ್ಕೆ ನಮಾಜಿಗಾಗಿ ಕೈಕಾಲು ಮುಖ ತೊಳೆಯುವ ವುಜೂಗೆ ಮೊದಲು ಉಗುರುಬಣ್ಣ ತೆಗೆಯುವ ಮನೆಗಳಲ್ಲಿಯೂ ಗೋರಂಟಿಗೆ ಅಡ್ಡಿಯಿಲ್ಲ. ಹಸಿ ಎಲೆಯನ್ನು ಸ್ವಲ್ಪ ಹುಣಸೆಹಣ್ಣಿನೊಂದಿಗೆ ನುಣ್ಣಗೆ ರುಬ್ಬಿ, ರಾತ್ರಿ ಉಗುರಿನ ಮೇಲೆ ದಪ್ಪಗೆ ಮೆತ್ತಿ, ಬೆಳಗ್ಗೆ ಉದುರಿಸಿ ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಬೇಗ ಕಪ್ಪಾಗುತ್ತದೆಂದು ಮಾರುವ ಕಪ್ಪು ಮೆಹಂದಿಯ ಕೋನ್ ಕೊಳ್ಳಬೇಡಿ, ಅದರಲ್ಲಿ ಕೂದಲಿಗೆ ಹಚ್ಚುವ ಬಣ್ಣದ ಪಿಪಿಡಿ ಇರಬಹುದು, ಅದು ಚರ್ಮದಲ್ಲಿ ಬೊಬ್ಬೆ ಎಬ್ಬಿಸುತ್ತದೆ. ಒಂದು ಮಾತು ಮಾತ್ರ ಮೊದಲೇ ತಿಳಿದಿರಲಿ: ಗೋರಂಟಿಯ ಕೆಂಪನ್ನು ತೆಗೆಯುವ ದ್ರವವಿಲ್ಲ. ಬುಡದಿಂದ ಬಿಳಿ ಉಗುರು ತಿಂಗಳಿಗೆ 3 ಮಿಲಿಮೀಟರಿನಂತೆ ಬಂದು, ಕೆಂಪು ತುದಿಗೆ ಸರಿದು, ನೇಲ್ ಕಟರಿನಲ್ಲಿ ಕತ್ತರಿಸಿ ಹೋಗುವವರೆಗೆ ಅದು ಅಲ್ಲೇ ಇರುತ್ತದೆ.